ಹುಣಸೆಮರದ ಬುಡದಿಂದ ಏಳುವುದು

ಚೌಕಾಸಿಯಲ್ಲಿ ಬಾಯಿಗಿಂತ ಮೊಣಕಾಲು ಮುಖ್ಯ. ಹುಣಸೆ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಕಾಯಿ ಇನ್ನೂ ಮರದ ಮೇಲಿರುವಾಗಲೇ ಯಲಬುರ್ಗಾ, ಕುಷ್ಟಗಿ ಕಡೆಯ ಊರುಗಳಿಗೆ ಹೋಗಿ ಇಡೀ ಮರದ ಫಸಲನ್ನು ಗುತ್ತಿಗೆ ಹಿಡಿಯುವುದು ನನ್ನ ಕಸುಬು. ಮಾತುಕತೆ ಮರದ ಬುಡದಲ್ಲೇ, ನೆಲದ ಮೇಲೆ ಕೂತು. ಅವರೊಂದು ದರ ಹೇಳುತ್ತಾರೆ, ನಾನೊಂದು. ಇಬ್ಬರೂ ಜಗ್ಗದಿದ್ದರೆ ಉಳಿಯುವ ಉಪಾಯ ಒಂದೇ: "ಆತು ಬಿಡ್ರಿ, ಬರ್ತೀನಿ" ಎಂದು ಎದ್ದು ಗಾಡಿಯ ಕಡೆ ನಡೆಯುವುದು. ಗಾಡಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೂಗು ಬರುತ್ತದೆ. ಆದರೆ ಏಳುವುದು ಒಂದೇ ಸಲಕ್ಕೆ ಆಗಬೇಕು. ಎದುರಿನವರಿಗೆ ಅನುಮಾನ ಬರಬಾರದು.

ಐವತ್ತು ದಾಟಿದ ಮೇಲೆ ನನಗೆ ಅದೇ ಕೈಕೊಟ್ಟಿತು. ಬೇವೂರಿನಲ್ಲಿ ಒಬ್ಬ ಅಜ್ಜಿಯ ಹೊಲದ ಬದುವಿಗೆ ದೊಡ್ಡ ದೊಡ್ಡ ಹುಣಸೆಮರಗಳಿವೆ. ಒಂದು ವರ್ಷ ಅವರೆದುರು "ಬರ್ತೀನಿ" ಎಂದೆ, ಏಳಲು ಆಗಲಿಲ್ಲ. ಒಂದು ಕೈ ನೆಲಕ್ಕೆ, ಇನ್ನೊಂದು ಕೈ ಮರಕ್ಕೆ, ಬಾಯಲ್ಲಿ "ಯಪ್ಪಾ". ಅಜ್ಜಿ ಎಲೆಗೆ ಸುಣ್ಣ ಸವರುತ್ತ ನೋಡಿ ನಗುತ್ತಿದ್ದರು.

"ಅವಸರ ಮಾಡಬ್ಯಾಡ್ರಿ ಸಾವಕಾರ್ರ. ನೀವು ಏಳೂದ್ರಾಗ ನಾ ಇನ್ನೊಂದು ಚಾ ಮಾಡ್ಕೊಂಡು ಬರ್ತೀನಿ."

ಅವರು ಹೇಳಿದ ದರಕ್ಕೇ ಒಪ್ಪಿ ಬಂದೆ. ಏಳಲಾರದವನು ಎದ್ದು ಹೋಗುತ್ತೇನೆಂದರೆ ಯಾರು ಹೆದರುತ್ತಾರೆ? ಮುಂದೆ ತಾವರಗೇರಾದಲ್ಲೂ ಇದೇ ನಗು ಕಂಡೆ. ಈ ಸುದ್ದಿ ಊರೂರು ಹಬ್ಬಿದರೆ ನನ್ನ ಕಸುಬು ಮುಗಿದಂತೆಯೇ.

ಕೊಪ್ಪಳದ ಡಾಕ್ಟರು ಕಾಲು ಮಡಿಚಿ ಬಿಡಿಸಿ ನೋಡಿ, ಕೀಲು ಸವೆದಿಲ್ಲ, ಬಳಸದೆ ಬಿಗಿದುಕೊಂಡಿದೆ, ದಿನಾ ಆಡಿಸಿ ಎಂದರು. ಬೆಳಗ್ಗೆ ಮೈದಾನದಲ್ಲಿ ನಡೆಯಲು ಹೋದೆ. "ಈ ಸಲ ಹುಣಸಿ ಹೆಂಗೈತ್ರಿ?" ಎಂದು ಒಬ್ಬರು ಕೇಳಿದರೆ ಸಾಕು, ನಡಿಗೆ ಅಲ್ಲೇ ನಿಲ್ಲುತ್ತಿತ್ತು. ನಿಂತಲ್ಲೇ ತುಳಿಯುವ ಸೈಕಲ್ಲೊಂದನ್ನು ಅರ್ಧ ಬೆಲೆಗೆ ಕೇಳಿ ತಂದೆ. ಕೇಳಿದಾಗ ಆದ ಖುಷಿ ತುಳಿದಾಗ ಆಗಲಿಲ್ಲ. ನಿಜವಾದ ತೊಡಕೆಂದರೆ, ಒಬ್ಬನೇ ಇದ್ದಾಗ ನಾನು ನನ್ನ ಜೊತೆಗೇ ಚೌಕಾಸಿಗೆ ಇಳಿಯುತ್ತಿದ್ದೆ. ಇವತ್ತು ಅರ್ಧ ಮಾಡು, ನಾಳೆ ಸೇರಿಸಿ ಮಾಡಿದರಾಯಿತು. ಊರವರನ್ನೆಲ್ಲ ಒಪ್ಪಿಸುವವನಿಗೆ ತನ್ನನ್ನು ಒಪ್ಪಿಸುವುದು ಎಷ್ಟು ಹೊತ್ತಿನ ಕೆಲಸ?

ನಮ್ಮ ಮನೆಯ ಹಿಂದೆ ಹಣ್ಣು ಒಣಹಾಕಲು ಸಿಮೆಂಟಿನ ಅಂಗಳವಿದೆ. ಒಂದು ದಿನ ಓಣಿಯ ಕೋಲಾಟದ ತಂಡದವರು ಬಂದರು. ಗುಡಿಯ ಮುಂದಿನ ನೆಲ ಅಗೆದಿದ್ದಾರೆ, ಸಂಜೆ ಒಂದು ತಾಸು ನಿಮ್ಮ ಅಂಗಳ ಕೊಡಿ ಎಂದರು. ತಂಡ ಕಟ್ಟಿದವರು ನಿವೃತ್ತ ಮಾಸ್ತರು.

"ಪುಕ್ಕಟ ಆಗಂಗಿಲ್ರಿ," ಎಂದೆ. ನಾಲಿಗೆಗೆ ಅದೇ ರೂಢಿ.

"ನಮ್ಮಾಗ ಒಬ್ಬರಿಗೆ ವರ್ಗ ಆಗೇತಿ, ಜೋಡಿ ತಪ್ಪೇತಿ," ಎಂದರು ಮಾಸ್ತರು. "ನೀವ ಬಂದು ನಿಂದರ್ರಿ. ಬಾಡಗಿ ಮುಟ್ಟಿತು ಅಂತ ತಿಳೀರಿ."

ಇದರಲ್ಲಿ ಯಾರು ಯಾರಿಗೆ ಬಾಡಿಗೆ ಕೊಟ್ಟರೆಂದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ನನ್ನ ಎದುರಿಗೆ ಬಂದವರು ಹಿಟ್ಟಿನ ಗಿರಣಿಯವರು. ಮೊದಲ ಸಂಜೆಯೇ ಬೆರಳಿಗೆ ಪೆಟ್ಟು ಬಿತ್ತು. "ನನ್ನ ಮಾರಿ ಏನ್ ನೋಡ್ತೀರಿ, ಕೋಲು ನೋಡ್ರಿ!" ಎಂದರು ಅವರು. ಹಾಡುವ ಪದದ ನಡುವೆ ಒಂದು ಕಡೆ ಎಲ್ಲರೂ ಕುಕ್ಕರಗಾಲಲ್ಲಿ ಕೂತು, ಕೋಲು ಹೊಡೆದು, ಅದೇ ತಾಳಕ್ಕೆ ಏಳಬೇಕು. ಎಲ್ಲರೂ ಕೂತಾಗ ನಾನೊಬ್ಬ ನಿಂತಿರುತ್ತಿದ್ದೆ.

"ಮ್ಯಾಲೇನ್ ಹುಣಸಿಕಾಯಿ ಅದಾವೇನ್ರಿ? ಕೆಳಗ ಬರ್ರಿ!" ಎಂದು ಗಿರಣಿಯವರು ಕೂತಲ್ಲಿಂದಲೇ ಕೂಗುತ್ತಿದ್ದರು.

ತಾಳದ ಹತ್ತಿರ ಚೌಕಾಸಿ ನಡೆಯುವುದಿಲ್ಲ; ದಿನಕ್ಕಿಷ್ಟು ಕೆಳಗೆ ಇಳಿಯಲೇಬೇಕಾಯಿತು. ಹಣೆಗೆ ಬೆವರು ಬರುವ ಹೊತ್ತಿಗೆ ಪದ ಮುಗಿದಿರುತ್ತಿತ್ತು, ಇನ್ನೊಂದು ಇರಲಿ ಎಂದು ಕೇಳುವವನು ನಾನೇ ಆಗಿರುತ್ತಿದ್ದೆ. ಎಲ್ಲ ಕೋಲುಗಳೂ ಕೂಡಿ ಒಂದೇ ಸದ್ದಾಗುವ ಆ ಗಳಿಗೆಯ ರುಚಿ ಹತ್ತಿಬಿಟ್ಟಿತು. ಆದರೂ ಒಂದು ಸಂಜೆ, ನಾಳೆ ನೋಡೋಣವೆಂದು ಮಲಗಿಬಿಟ್ಟೆ. ಗಿರಣಿಯವರು ಬಾಗಿಲಿಗೇ ಬಂದರು, ಕೈಯಲ್ಲಿ ಎರಡು ಜೋಡಿ ಕೋಲು.

"ನಾ ಏನ್ ಗ್ವಾಡಿ ಜೋಡಿ ಆಡ್ಲೇನ್ರಿ?"

ಎದ್ದು ಹೋದೆ. ಹಾಗಾಗಿ ನಿಮಗೂ ಹೇಳುತ್ತೇನೆ: ಓಟವೋ ಈಜೋ, ಏನನ್ನೇ ಆರಿಸಿಕೊಳ್ಳಿ, ಮೊದಲು ಮನಸ್ಸಿಗೆ ಹಿಡಿಸಬೇಕು. ಜೊತೆಗೆ, ನೀವು ಬರದಿದ್ದರೆ ಆಟ ಕೆಟ್ಟುಹೋಗುವ ಒಬ್ಬರಾದರೂ ಎದುರಿಗಿರಬೇಕು.

ಮರುವರ್ಷ ಬೇವೂರಿನಲ್ಲಿ ಅದೇ ಮರ, ಅದೇ ಅಜ್ಜಿ. "ಚಾ ಒಂದ ಸಲ ಮಾಡ್ಲೋ, ಎರಡ ಸಲ ಮಾಡ್ಲೋ?" ಎಂದೇ ಮಾತು ತೆಗೆದರು. ದರ ಹಗ್ಗದಂತೆ ಆ ಕಡೆ ಈ ಕಡೆ ಜಗ್ಗಾಡಿತು. ಮರದ ನೆರಳು ಬದು ದಾಟಿ ಉದ್ದವಾದದ್ದು ಕಂಡಾಗ ಗಿರಣಿಯವರ ನೆನಪಾಯಿತು. "ಆತು ಬಿಡ್ರಿ, ಬರ್ತೀನಿ" ಎಂದು ಎದ್ದೆ. ಗಾಡಿಯ ಮೇಲೆ ಕೂತು ಕೀಲಿ ತಿರುವಿದ ಮೇಲಷ್ಟೇ ನನ್ನ ಕೈಗಳನ್ನು ನೋಡಿಕೊಂಡೆ. ಮಣ್ಣು ಹತ್ತಿರಲಿಲ್ಲ.

"ನಿಂದರ್ರಿ, ನಿಂದರ್ರಿ!" ಅಜ್ಜಿ ಕೂಗಿದರು. "ಇಷ್ಟು ವರ್ಷ ಸುಳ್ಳ ಸುಳ್ಳ ಹೊಂಟಿದ್ರಿ. ಇವತ್ತ ಖರೇನ ಹೊಂಟೀರಲ್ಲ!"

"ಹೌದ್ರಿ ಯವ್ವಾ, ಕೋಲಾಟಕ್ಕ ಹೊತ್ತಾತು."

ಅಜ್ಜಿ ಎಲೆಅಡಿಕೆ ಉಗಿದು ನಕ್ಕರು. ಇಬ್ಬರೂ ಅಷ್ಟಷ್ಟು ಸರಿದೆವು. ನಿಂತ ಗಾಡಿಯ ಮೇಲೆಯೇ ವ್ಯವಹಾರ ಮುಗಿಯಿತು. ಹೊರಡುವಾಗ ತಗ್ಗಿದ ದನಿಯಲ್ಲಿ ಹೇಳಿದರು: "ನನ್ನ ಮಣಕಾಲೂ ಹಿಡದಾವ್ರಿ. ಬರೂ ವರ್ಷ ನನಗೂ ಒಂದು ಜೋಡಿ ಕೋಲು ತರ್ರಿ."

ಬರುವ ವರ್ಷದವರೆಗೆ ಏಕೆ ಕಾಯಬೇಕು? ಕಾಯಿ ಉದುರಿಸಲು ಆಳುಗಳ ಜೊತೆ ಹೋದಾಗಲೇ ಒಯ್ದೆ.

"ಏನ್ ಕೊಡ್ಲಿ ಇದಕ?" ಎಂದರು, ಮರದ ಬುಡದಲ್ಲಿ ಕೂತಿದ್ದ ಅಜ್ಜಿ.

"ಪುಕ್ಕಟ ಅಲ್ರಿ. ಎದ್ದು ಎದುರಿಗೆ ನಿಂದರಬೇಕು."

ಒಂದು ಕೈ ನೆಲಕ್ಕೆ, ಇನ್ನೊಂದು ಕೈ ಮರಕ್ಕೆ ಊರಿ ಅಜ್ಜಿ ಮೆಲ್ಲಗೆ ಏಳತೊಡಗಿದರು. ನಾನು ಅವಸರ ಮಾಡಲಿಲ್ಲ. ಕೋಲು ಹಿಡಿದು ಕಾದು ನಿಂತೆ.