ಕಮಲಾಕ್ಷಿ ಮೇಣದ ಸೀನಣ್ಣ

ಸೀನಣ್ಣ ಯಾರ ಮನೆಗೆ ಹೋದರೂ ಮೊದಲು ಮೇಜಿನ ಡ್ರಾಯರ್ ಎಳೆದು ನೋಡುತ್ತಿದ್ದರು. ಅದು ಕಿರ್ ಎಂದರೆ ಮುಗಿಯಿತು. ಅಂಗಿ ಜೇಬಿನಿಂದ ಹಳದಿ ಮೇಣದ ತುಂಡು ತೆಗೆದು, ಡ್ರಾಯರನ್ನು ಪೂರ್ತಿ ಈಚೆಗೆಳೆದು, ಒಳಗಿದ್ದ ಕರೆಂಟ್ ಬಿಲ್ಲು, ಮಾತ್ರೆ, ರಬ್ಬರ್ ಬ್ಯಾಂಡು ಎಲ್ಲವನ್ನೂ ನೆಲಕ್ಕೆ ಸುರಿದು, ಎರಡೂ ಅಂಚಿಗೆ ಮೇಣ ಉಜ್ಜುತ್ತಿದ್ದರು. "ಈಗ ಎಳ್ದು ನೋಡಮ್ಮ, ಬೆಣ್ಣೆ, ಬೆಣ್ಣೆ!" ಕಾಫಿ ಏನಿದ್ದರೂ ಆಮೇಲೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗಲೂ ನಮ್ಮಮ್ಮನ ಡ್ರಾಯರನ್ನು ಹೀಗೇ ಬರಿದು ಮಾಡಿಕೊಂಡು ನಡುಮನೆಯಲ್ಲಿ ಕೂತಿದ್ದರು. ಸೀನಣ್ಣನನ್ನು ಬಡಗಿ ಎಂದುಕೊಂಡೇ ಬಂದವರು ವಾಪಸು ಹೋದರು.

ಬಡಗಿಯಲ್ಲ, ಮೇಣದ ಫ್ಯಾಕ್ಟರಿಯ ಮಾಲೀಕರು. ನಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಲ್ಲದ ಬೀದಿಯನ್ನು ಹುಡುಕಬೇಕು. ಮಗ್ಗಕ್ಕೆ ಉದ್ದುದ್ದ ಕಟ್ಟಿದ ಹಾಸಿನ ನೂಲು ಪಟಪಟ ಹರಿಯದಿರಲೆಂದು ಅದಕ್ಕೆ ಮೇಣದ ಬಿಲ್ಲೆ ಸವರುತ್ತಿದ್ದರು. ಆ ಬಿಲ್ಲೆ ಸೀನಣ್ಣನ 'ಕಮಲಾಕ್ಷಿ ವ್ಯಾಕ್ಸ್ ವರ್ಕ್ಸ್'ನದು. ಫ್ಯಾಕ್ಟರಿ ಎಂದರೆ ಶೀಟಿನ ಶೆಡ್ಡು, ಮೇಣ ಕಾಯಿಸುವ ಎರಡು ಕಡಾಯಿ, ಒಂದು ಬೋರ್ಡು, ಅಷ್ಟೇ. ನಮ್ಮಪ್ಪನ ಮಗ್ಗಗಳಿಗೂ ಕಮಲಾಕ್ಷಿಯೇ ಆಗಬೇಕಿತ್ತು. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಹೆಸರು ಆ ಬಿಲ್ಲೆಯ ಮೇಲೆ ಉಬ್ಬಿಕೊಂಡಿದ್ದ ಹೆಸರು. ಬೇಸಿಗೆ ಬಂತೆಂದರೆ ಸೀನಣ್ಣ ಸುಡುಬಿಸಿಲಲ್ಲಿ ಮಗ್ಗದ ಮನೆಗಳನ್ನೆಲ್ಲ ಸುತ್ತಿ, "ಹಾಸು ಹೆಂಗೈತಪ್ಪಾ? ಅಂಟಲ್ಲ ತಾನೆ?" ಎಂದು ಕೇಳುತ್ತಿದ್ದರು. ಈ ಮನುಷ್ಯನಿಗೆ ಬೇಸಿಗೆಯಲ್ಲಿ ಮಾತ್ರ ಯಾಕಿಷ್ಟು ಗಾಬರಿ ಎಂದು ನಮ್ಮಪ್ಪ ನಗುತ್ತಿದ್ದರು.

ಇಷ್ಟಾಗಿ ಅವರ ಹೆಂಡತಿಯ ಹೆಸರು ಜಯಮ್ಮ.

ಊರಿಗೆ ಇದು ತಮಾಷೆ, ಜಯಕ್ಕನಿಗಲ್ಲ. ಮದುವೆಯಾದ ಹೊಸದರಲ್ಲಿ, ಬಿಲ್ಲೆಯ ಅಚ್ಚು ಮಾಡಿಸಲೆಂದು ಆಕೆ ತವರಿನ ಚಿನ್ನದ ಬಳೆಗಳನ್ನು ಬಿಚ್ಚಿಕೊಟ್ಟಿದ್ದರು. ನಿನ್ನ ಹೆಸರೇ ಹಾಕಿಸುತ್ತೇನೆ ಎಂದು ಹೋದ ಗಂಡ ಕೊನೆಗೆ ತಂದ ಅಚ್ಚಿನಲ್ಲಿ ಕಮಲಾಕ್ಷಿ ಇದ್ದಳು. ಯಾರವಳು ಎಂದರೆ ಸೀನಣ್ಣ ನಕ್ಕು ಎದ್ದುಹೋಗುತ್ತಿದ್ದರು. ಜಯಕ್ಕ ಆ ಶೆಡ್ಡಿನ ಹೊಸ್ತಿಲು ತುಳಿಯಲಿಲ್ಲ, ಆಯುಧಪೂಜೆಗೂ ಹೋಗಲಿಲ್ಲ. ಬೂದುಗುಂಬಳಕ್ಕೆ ಕುಂಕುಮ ತುಂಬಿ ಕೆಲಸದವರ ಕೈಲಿ ಕಳಿಸುತ್ತಾ, "ಕಮಲಾಕ್ಷಮ್ಮನೋರೇ ಒಡೀಲಿ ಅಂತ ಹೇಳು" ಅನ್ನುತ್ತಿದ್ದರು.

ಹೋದ ವರ್ಷ ನೇಕಾರರ ಸಂಘದವರು ಸ್ಮರಣ ಸಂಚಿಕೆ ತರಲು ಹೊರಟು, ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಮೇಣದ ಫ್ಯಾಕ್ಟರಿಯ ಕಥೆ ಬರೆಯಲು ಹೇಳಿದರು. ಫ್ಯಾಕ್ಟರಿ ಮುಚ್ಚಿ ಎಷ್ಟೋ ಕಾಲವಾಗಿ, ಶೆಡ್ಡಿನ ಜಾಗದಲ್ಲಿ ಟೈಲ್ಸ್ ಗೋಡೌನು ಎದ್ದಿತ್ತು. ಸೀನಣ್ಣನನ್ನೇ ಕೇಳಿದೆ. ಮೊದಲ ದಿನ ಕಮಲಾಕ್ಷಿ ಎಂದರೆ ಸಾಕ್ಷಾತ್ ಲಕ್ಷ್ಮಿ ಎಂದರು. ಇನ್ನೊಂದು ದಿನ ಅವಳು ಪ್ರೈಮರಿ ಸ್ಕೂಲಿನ ಟೀಚರಾದಳು. ಮತ್ತೊಂದು ದಿನ ಸೂಲಿಬೆಲೆಯ ಸೋದರತ್ತೆ.

"ಸೀನಣ್ಣ, ಒಂದು ಫ್ಯಾಕ್ಟರಿಗೆ ಎಷ್ಟು ಜನ ಕಮಲಾಕ್ಷೀರು?"

"ಬರ್ಕೊ ಬರ್ಕೊ. ಹಿಸ್ಟರಿ ಅಂದ್ರೆ ಹಂಗೇ ಕಣಮ್ಮ."

ಒಳಗೆ ಜಯಕ್ಕ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ಫ್ಯಾಕ್ಟರಿಯಲ್ಲಿ ಕಡಾಯಿ ಕಾಯಿಸುತ್ತಿದ್ದ, ಪಕ್ಕದ ಮಧುರೆ ಊರಿನ ಮುನಿಯಪ್ಪ ಕೊನೆಗೆ ಒಂದು ಸುಳಿವು ಕೊಟ್ಟರು. ಅಚ್ಚುಗಳು ಬಂದದ್ದು ನೆಲಮಂಗಲದ ರಹಮತ್ ಸಾಹೇಬರ ಗುಜರಿ ಅಂಗಡಿಯಿಂದ. ಯಾರಿಗೂ ಹೇಳಬೇಡ ಎಂದು ಸೀನಣ್ಣ ಆಗಲೇ ಮಾತು ತೆಗೆದುಕೊಂಡಿದ್ದರಂತೆ. ನಾನು ಬಸ್ಸು ಹತ್ತಿದೆ. ಲಾರಿಗಳ ಸಾಲಿನ ಹಿಂದೆ ಅಂಗಡಿ ಇನ್ನೂ ಇತ್ತು, ಮುದುಕರಾದ ಸಾಹೇಬರೂ ಇದ್ದರು.

"ಸೀನಣ್ಣನಾ? ಮರೆಯಕ್ಕಾಗ್ತದಾ! ಇಲ್ಲೊಂದು ಸೋಪ್ ಫ್ಯಾಕ್ಟರಿ ಮುಚ್ಚೋಯ್ತು. ಕಮಲಾಕ್ಷಿ ಸೋಪು. ಅದರ ಹಿತ್ತಾಳೆ ಅಚ್ಚೆಲ್ಲ ತೂಕಕ್ಕೆ ಹಾಕ್ಕೊಟ್ಟೆ. ಹೆಸರು ತೆಗೀತೀನಿ ಅಂತ ಇಲ್ಲೇ ಕೂತು ಅರ ಹಾಕಿ ಉಜ್ಜಿದ. ಒಂದು ಅಚ್ಚು ತೂತೇ ಬಿದ್ದೋಯ್ತು. ತಲೆ ಮೇಲೆ ಕೈ ಹೊತ್ಕೊಂಡು ಕೂತ್ಬಿಟ್ಟ. ಹೆಂಡ್ತಿಗೆ ಏನು ಹೇಳ್ಲಿ ಸಾಬ್ರೇ, ಅಂದ."

ವಾಪಸು ಬಂದು ಸೀನಣ್ಣನ ಎದುರು ಕೂತೆ. ಅವರಿಗೆ ಆಗಲೇ ಉಬ್ಬಸ ಜೋರಾಗಿತ್ತು. ಜಯಕ್ಕ ದೇವಸ್ಥಾನಕ್ಕೆ ಹೋಗಿದ್ದರು. ಗುಜರಿ ಅಂಗಡಿ ಎಂದ ಕೂಡಲೇ ಸೀನಣ್ಣ ಮುಖ ಇಳಿಬಿಟ್ಟರು.

"ಬಳೆ ದುಡ್ಡು ಅಚ್ಚಿಗೆ ಹೋಗ್ಲೇ ಇಲ್ಲ ಕಣಮ್ಮ. ಮೊದ್ಲು ಸರಕು ಮಾಡಿ ತೋರಿಸ್ಬೇಕು ಅನ್ನೋ ಜಂಬ. ಚಳೀಲಿ ಹದ ನೋಡಿ ಕಾಯಿಸ್ಬಿಟ್ಟೆ. ದೇವನಹಳ್ಳಿ ಕಡೆ ಮಗ್ಗದೋರಿಗೆಲ್ಲ ಕೊಟ್ಟೆ. ಬ್ಯಾಸ್ಗೆ ಬಂತು ನೋಡು, ಮೇಣ ಮೆತ್ತಗಾಗಿ ಒಬ್ಬೊಬ್ಬರ ಹಾಸೂ ಅಂಟು ಅಂಟು. ಬೈದು ವಾಪಸ್ ಕೊಟ್ರು. ಅಲ್ಲಿಗೆ ಬಳೆ ಕರಗೋಯ್ತು, ಗುಜರಿ ಅಚ್ಚೇ ಗತಿಯಾಯ್ತು."

"ಅದನ್ನೇ ಜಯಕ್ಕನಿಗೆ ಹೇಳಬಹುದಿತ್ತಲ್ಲ?"

"ಇನ್ಯಾವಳನ್ನೋ ಇಟ್ಕೊಂಡವ್ನೆ ಅಂತ ತಿಳ್ಕೊಂಡ್ರೂ ಪರವಾಗಿಲ್ಲ, ನನ್ ಗಂಡ ದಡ್ಡ ಅಂತ ತಿಳ್ಕೋಬಾರ್ದು ಅನ್ನಿಸ್ತು. ವಯಸ್ಸು ಹಂಗಿತ್ತು. ಆಮೇಲೆ ಹೇಳಕ್ಕೆ ಬಾಯೇ ಬರ್ಲಿಲ್ಲ." ಉಸಿರು ಎಳೆದುಕೊಂಡು ಮತ್ತೆ ಹೇಳಿದರು: "ನೀನು ಹೆಂಗೈತೋ ಹಂಗೇ ಬರಿ. ಪುಸ್ತಕ ಬಂದ್ಮೇಲೆ ನೀನೇ ಅವಳಿಗೆ ಓದಿ ಹೇಳು. ಆವತ್ತು ನಾನು ಪೇಟೆ ಕಡೆ ಹೋಗಿರ್ತೀನಿ."

ನನಗೆ ನಗು ಬಂತು, ಕಣ್ಣೂ ತುಂಬಿತು. ಒಂದು ದಡ್ಡತನ ಮುಚ್ಚಿಕೊಳ್ಳಲು ಇಷ್ಟು ದೊಡ್ಡ ಅಪವಾದ ಹೊತ್ತು ತಿರುಗುವುದೇ? ಆದರೂ ಆ ಮನುಷ್ಯನನ್ನು ಕಂಡರೆ ನನಗೆ ಬಹಳ ಪ್ರೀತಿ, ಬೈಯಲು ಮನಸ್ಸಾಗಲಿಲ್ಲ. ಅದೇ ನಾವು ಕೊನೆಯ ಸಲ ಕೂತು ಮಾತಾಡಿದ್ದು. ಸಂಚಿಕೆ ಇನ್ನೂ ಪ್ರೆಸ್ಸಿನಲ್ಲಿರುವಾಗಲೇ ಸೀನಣ್ಣ ತೀರಿಕೊಂಡರು.

ತಿಥಿ ಕಳೆದ ಮೇಲೆ ಜಯಕ್ಕನ ಬಳಿ ಹೋದೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಮಣ್ಣಿಗೆ ಬಂದೋರನ್ನೆಲ್ಲ ಒಬ್ಬೊಬ್ಬರನ್ನೇ ನೋಡ್ದೆ ಕಣಮ್ಮ. ಗುರ್ತಿಲ್ದಿರೋ ಹೆಂಗ್ಸು ಯಾರಾದ್ರೂ ಬಂದು ಅಳ್ತಾಳಾ ಅಂತ. ಯಾರೂ ಬರ್ಲಿಲ್ಲ."

ಸೋಪು, ಗುಜರಿ ಅಂಗಡಿ, ಅಂಟಿಕೊಂಡ ಹಾಸು, ಎಲ್ಲವನ್ನೂ ಹೇಳಿದೆ. ಪೇಟೆಗೆ ಹೋಗಿರುತ್ತೇನೆ ಎಂದದ್ದನ್ನೂ ಹೇಳಿದೆ. ಜಯಕ್ಕನ ಕೈ ಮೊರದಲ್ಲೇ ನಿಂತುಬಿಟ್ಟಿತು.

"ಸರಕು ಕೆಟ್ಟೋಯ್ತು ಅಂದಿದ್ರೆ ನಾನು ಬೈತಿರ್ಲಿಲ್ವಾ? ಬೈತಿದ್ದೆ" ಎಂದರು. "ಒಂದಿನ ಬೈದು, ಮಾರನೇ ದಿನ ನಾನೇ ಹೋಗಿ ಅವರ ಪಕ್ಕ ಕಡಾಯಿ ಮುಂದೆ ನಿಂತ್ಕೊತಿದ್ದೆ."