ಮೂರನೇ ಸಾರಿಗೆ ಮುಂಚೆ ಹೊಡೆದ ಗಡಿಯಾರ

ಭದ್ರಾವತಿಯಲ್ಲಿದ್ದ ಬಿಳಿ ದೊರೆಯೊಬ್ಬ ಸೀಮೆಗೆ ವಾಪಸು ಹೊರಟಾಗ ಅವನ ಬಂಗಲೆಯ ಸಾಮಾನೆಲ್ಲ ಹರಾಜಿಗೆ ಬಂತು. ಹಳೇ ಗಡಿಯಾರಗಳ ಹುಚ್ಚಿದ್ದ ಶಿವಮೊಗ್ಗದ ಸಾಹುಕಾರರನ್ನು ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗಿದ್ದೆ. ನನ್ನ ಎತ್ತುಗಳು ರೈಲಿಗಿಂತ ಮೊದಲು ಮುಟ್ಟಿದವು, ಅದಿರಲಿ.

ಆಳೆತ್ತರದ ಗಡಿಯಾರವೊಂದನ್ನು ನಾನು ಹತ್ತಿರ ಹೋಗಿ ನೋಡಿದ್ದಕ್ಕೆ ಸಾಹುಕಾರರು, "ಗಾಡಿ ಹೊಡೆಯೋನಿಗೆ ಇದ್ಯಾಕೋ ಮಾರಾಯ, ಟೈಮು ನೋಡೋಕೆ ಬರುತ್ತೇನೋ?" ಎಂದು ನಕ್ಕರು. ನನಗೆ ರೋಷ ಬಂತು. ಆ ಗಡಿಯಾರಕ್ಕೆ ಅವರು ಕೂಗಿದ್ದಕ್ಕಿಂತ ನೂರು ರೂಪಾಯಿ ಜಾಸ್ತಿ ಕೂಗಿಬಿಟ್ಟೆ. ಸಾಹುಕಾರರು ಹಿಂದೆ ಸರಿದರು.

"ಒಂದು ಸಾರಿ... ಎರಡು ಸಾರಿ..." ಎಂದ ಹರಾಜಿನವನು. ಎತ್ತು, ಗಾಡಿ ಮಾರಿದರೂ ಅಷ್ಟು ದುಡ್ಡು ಹುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಆ ಸದ್ದು ಶಿವಮೊಗ್ಗದ ರಾಗಿಗುಡ್ಡದ ತನಕ ಕೇಳಿಸಿರಬೇಕು. ಹರಾಜಿನವನು ಮೂರನೇ ಸಾರಿ ಕೂಗಲಾರದೆ ನಿಂತ. ಕಣ್ಣು ಮುಚ್ಚಿ ಕೇಳುತ್ತಿದ್ದ ಸಾಹುಕಾರರು, ಕೊನೆಯ ಗಂಟೆ ಅಡಗುತ್ತಲೇ, "ಅದರ ಮೇಲೆ ಇನ್ನೈದು ರೂಪಾಯಿ ನನ್ನದು" ಎಂದರು. ನನಗೆ ಹೋದ ಜೀವ ಬಂತು.

ಗಡಿಯಾರ ಹೇರಿಕೊಂಡು ವಾಪಸು ಬರುವಾಗ, "ಬೇಜಾರಾಯ್ತೇನೋ?" ಅಂತ ಕೇಳಿದರು. "ನೀವು ಆಸೆಪಟ್ರಲ್ಲ ಸಾಹುಕಾರ್ರೆ, ಅದಕ್ಕೇ ಬಿಟ್ಟುಕೊಟ್ಟೆ" ಅಂದೆ. ಪಾಪ, ನಂಬಿದರು. ಗಡಿಯಾರಕ್ಕೂ ಒಂದಾಳಿನ ಬಾಡಿಗೆ ಕೊಟ್ಟರು.