ಅಂಗೈ ವಿಮಾನಕ್ಕೆ ‘ಎಲ್’ ಬೋರ್ಡು

ನಮ್ಮ ಮಾವ ವಾಯುಪಡೆಯಲ್ಲಿ ಹೊಸಬರಿಗೆ ವಿಮಾನ ಹಾರಿಸಲು ಕಲಿಸಿದವರು. ಅವರಿಗೆ ಕೊಡಲೆಂದು ಅವರು ಕಲಿಸುತ್ತಿದ್ದ ತರಬೇತಿ ವಿಮಾನದ ಅಂಗೈಯಗಲದ ಮಾದರಿಯೊಂದನ್ನು ಜೋಡಿಸಿದ್ದೆ. ಮಾದರಿಯ ಕಿಟ್ಟಿನಲ್ಲಿದ್ದ ನಂಬರು ಸರಿಯಿಲ್ಲವೆಂದು ಬೇರೆ ತರಿಸಿದ್ದ ಅಂಟುಚಿತ್ರ, ಅಂಟಿಸುವ ಮುನ್ನ ನೀರಲ್ಲಿ ನೆನೆಸಿದ ಕೂಡಲೇ ಚೂರುಚೂರಾಯಿತು. ರಾಯದುರ್ಗದಲ್ಲಿ ಆಟೋಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿಗೆ ಓಡಿದೆ.

ಅಂಗಡಿಯವರು ಅಕ್ಕಿಕಾಳಿನಷ್ಟು ಅಂಕಿಗಳನ್ನು ಉಸಿರು ಬಿಗಿಹಿಡಿದು ಅಂಟಿಸಿದರು. ಆಮೇಲೆ, ನಾನು ಕೇಳದೆಯೇ, ಬಾಲಕ್ಕೊಂದು ಕೆಂಪು ‘ಎಲ್’ ಹಚ್ಚಿಬಿಟ್ಟರು.

“ಅಯ್ಯೋ, ಇದ್ಯಾಕ್ರಿ?”

“ಕಲಿಯೋರ ವಿಮಾನ ಅಂದ್ರಲ್ರಿ! ಎಲ್ ಇಲ್ದ ನಮ್ಮ ಅಂಗಡಿಯಿಂದ ಹೊರಗ ಬಿಡಂಗಿಲ್ರಿ.”

ಕಿತ್ತರೆ ಬಣ್ಣವೂ ಜೊತೆಗೇ ಬರುತ್ತಿತ್ತು. ಹಾಗೇ ಕೊಟ್ಟೆ.

ಮಾವ ನಂಬರು ನೋಡಲೇ ಇಲ್ಲ. ‘ಎಲ್’ ಮೇಲೆ ಬೆರಳಾಡಿಸಿ ನಕ್ಕರು. “ಆಗ ನಮಗೂ ಇದನ್ನ ಹಚ್ಚಿ ಕೊಟ್ಟಿದ್ರ, ಹದ್ದುಗಳಾದ್ರೂ ದೂರ ಸರೀತಿದ್ವು.”